ಮೇನ್‌ಫ್ರೇಮ್ ಪ್ರಿಂಟ್ ನೆಟ್‌ವರ್ಕ್ ಪ್ರಿಂಟರ್‌ಗೆ: ಎಲ್ಲಿಂದ ಶುರು ಮಾಡಬೇಕು?

ಐಬಿಎಂನ 1403 ಲೈನ್ ಪ್ರಿಂಟರ್ ಬಂದದ್ದು 1959ರಲ್ಲಿ. ಸಾಲಿಗೆ 132 ಅಕ್ಷರ. ಆ ಯಂತ್ರ ಎಂದೋ ಗುಜರಿ ಸೇರಿತು, ಆದರೆ 132ರ ಲೆಕ್ಕ ಇವತ್ತಿಗೂ ಬ್ಯಾಂಕು, ವಿಮೆ ಕಂಪನಿಗಳ ಮೇನ್‌ಫ್ರೇಮ್‌ನಲ್ಲಿ (ದೊಡ್ಡ ಕೇಂದ್ರ ಕಂಪ್ಯೂಟರ್) ಓಡುವ, ಕೋಬಾಲ್ ಎಂಬ ಹಳೆಯ ಭಾಷೆಯ ಪ್ರೋಗ್ರಾಂಗಳಲ್ಲಿ ಉಳಿದುಕೊಂಡಿದೆ. ಅವನ್ನು ಮುಟ್ಟದೆಯೇ ಕಾಗದವನ್ನು ನೆಟ್‌ವರ್ಕ್‌ಗೆ ಜೋಡಿಸಿದ ಲೇಸರ್ ಪ್ರಿಂಟರ್‌ನಲ್ಲಿ ತೆಗೆಯಬೇಕು. ಕೆಲಸ ಇರುವುದು ಅಲ್ಲೇ.

ಮೊದಲು ಪಟ್ಟಿ ಮಾಡಿ. ಯಾವ ಜಾಬ್ (ಒಮ್ಮೆಗೆ ಓಡಿಸುವ ಕೆಲಸ), ಯಾವ ಕ್ಲಾಸ್ (ಪ್ರಿಂಟ್‌ನ ಗುಂಪು), ಯಾವ ಫಾರ್ಮ್ (ಕಾಗದದ ಬಗೆ), ಕಾಗದ ಯಾರ ಕೈಗೆ ಹೋಗುತ್ತದೆ? ಅವರನ್ನೇ ಹೋಗಿ ಕೇಳಿ. ಸುಮ್ನೆ ಕಪಾಟಿಗೆ ಹೋಗುವ ವರದಿಗಳು ಜಾಸ್ತಿ ಸಿಗುತ್ತವೆ. ಅವನ್ನು ಸಾಗಿಸುವ ಗೋಜೇ ಬೇಡ.

ಆಮೇಲೆ ಪುಟದ ಅಳತೆ. ಹಳೆಯ ಕಾಗದದಲ್ಲಿ ಇಂಚಿಗೆ 10 ಅಕ್ಷರ, 6 ಸಾಲು. 11 ಇಂಚಿಗೆ 66 ಸಾಲು. ಎ4 ಅಡ್ಡ ಹಿಡಿದರೆ ಸಿಗುವ ಎತ್ತರ 8.27 ಇಂಚು ಮಾತ್ರ. ಇಂಚಿಗೆ 13 ಅಕ್ಷರ, 9 ಸಾಲು ಇಟ್ಟರೆ ಅಂಚು ಬಿಟ್ಟೂ ಹಿಡಿಸುತ್ತದೆ. ಸಾಲಿನ ಮೊದಲ ಅಕ್ಷರದ ಮೇಲೂ ಕಣ್ಣಿಡಿ. ಅಲ್ಲಿ '1' ಇದ್ದರೆ ಹೊಸ ಪುಟ, '0' ಇದ್ದರೆ ಒಂದು ಸಾಲು ಬಿಡು, '+' ಇದ್ದರೆ ಹಿಂದಿನ ಸಾಲಿನ ಮೇಲೆಯೇ ಹೊಡೆ ಎಂದರ್ಥ. ಅಕ್ಷರ ದಪ್ಪ ಕಾಣಲಿ ಎಂದು '+' ಬಳಸುತ್ತಿದ್ದರು. ಇದನ್ನು ಬಿಡಿಸದೆ ಕಳಿಸಿದರೆ ಶೀರ್ಷಿಕೆ ಎರಡೆರಡು ಸಲ ಬರುತ್ತದೆ.

ಅಕ್ಷರಗಳನ್ನು ಅಂಕಿಗಳಾಗಿ ಬರೆಯುವ ಸಂಕೇತಗಳೂ ಬೇರೆ ಬೇರೆ: ಮೇನ್‌ಫ್ರೇಮ್ ಮಾತಾಡುವುದು ಎಬ್ಸಿಡಿಕ್, ಸಾಮಾನ್ಯ ಪ್ರಿಂಟರ್‌ಗೆ ಗೊತ್ತಿರುವುದು ಆಸ್ಕಿ. ಅನುವಾದಕ್ಕೆ ಸರಿಯಾದ ಕೋಡ್ ಪೇಜ್ (ಯಾವ ಅಂಕಿಗೆ ಯಾವ ಅಕ್ಷರ ಎನ್ನುವ ಪಟ್ಟಿ) ಕೊಡಿ. ಅಮೆರಿಕದ 037ರಲ್ಲಿ ಡಾಲರ್ ಇರುವ ಜಾಗದಲ್ಲೇ ಬ್ರಿಟನ್ನಿನ 285ರಲ್ಲಿ ಪೌಂಡ್ ಕೂತಿದೆ. ದುಡ್ಡಿನ ವರದಿಯಲ್ಲಿ ಈ ತಪ್ಪು ಆಗಬಾರದು, ಅಲ್ವಾ?

ಇನ್ನು ದಾರಿ ಯಾವುದು ಎನ್ನುವ ಪ್ರಶ್ನೆ. ಜನ ಎಡವುವುದು ಇಲ್ಲೇ. ಸುಲಭದ್ದು ಎಲ್‌ಪಿಆರ್, ಅಂದರೆ ನೆಟ್‌ವರ್ಕ್ ಮೂಲಕ ಪ್ರಿಂಟರ್‌ಗೆ ಫೈಲ್ ಕಳಿಸುವ ಹಳೆಯ ವಿಧಾನ. ಪ್ರಿಂಟರ್ ಅದನ್ನು ಪಡೆಯುವ ಪೋರ್ಟ್ (ನೆಟ್‌ವರ್ಕ್ ಬಾಗಿಲಿನ ಸಂಖ್ಯೆ) 515. ಐಬಿಎಂನ ಇನ್ಫೋಪ್ರಿಂಟ್ ಸರ್ವರ್ ತಂತ್ರಾಂಶದ ಐಪಿ ಪ್ರಿಂಟ್‌ವೇ ಎಂಬ ಭಾಗ ಸ್ಪೂಲ್‌ನಿಂದ (ಪ್ರಿಂಟ್ ಸರದಿ ಕಾಯುವ ಜಾಗ) ಎತ್ತಿ ಕಳಿಸುತ್ತದೆ. ಆದರೆ ಎಲ್‌ಪಿಆರ್‌ಗೆ ಗೊತ್ತಾಗುವುದು ಫೈಲ್ ತಲುಪಿತು ಎಂದಷ್ಟೇ. ಕಾಗದ ಹೊರಬಂತೋ ಇಲ್ಲವೋ ಅದಕ್ಕೆ ತಿಳಿಯದು. ನಾನಿದ್ದ ಕಡೆ ಒಮ್ಮೆ ನಡುವೆ ಕಾಗದ ಸಿಕ್ಕಿಕೊಂಡಿತು. ಯಾರೋ ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದರು. ಉಳಿದ ಪುಟಗಳು ಮಾಯ, ಸ್ಪೂಲ್‌ನಲ್ಲೂ ಇಲ್ಲ! ಮೇನ್‌ಫ್ರೇಮ್‌ಗೆ ನೇರವಾಗಿ ಜೋಡಿಸುತ್ತಿದ್ದ ಹಳೆಯ ಚಾನೆಲ್ ಕೇಬಲ್‌ನಲ್ಲಿ ಪ್ರಿಂಟರ್ ಮರುಮಾತಾಡುತ್ತಿತ್ತು. ಆ ಸಂಭಾಷಣೆ ನೆಟ್‌ವರ್ಕ್‌ನಲ್ಲೂ ಬೇಕೆಂದರೆ ಐಪಿಡಿಎಸ್ (ಪ್ರಿಂಟರ್ ಮರುಮಾತಾಡುವ ಐಬಿಎಂ ವಿಧಾನ) ಇರುವ ಪ್ರಿಂಟರ್ ಕೊಳ್ಳಿ, ಪಿಎಸ್‌ಎಫ್ ಎಂಬ ಮೇನ್‌ಫ್ರೇಮ್ ತಂತ್ರಾಂಶದ ಮೂಲಕ ಕಳಿಸಿ. ಪುಟ ಪುಟಕ್ಕೂ ಉತ್ತರ ಬರುತ್ತದೆ, ನಿಂತಲ್ಲಿಂದ ಮುಂದುವರಿಸಬಹುದು. ಬೆಲೆ ಜಾಸ್ತಿ. ಹಾಗಾಗಿ ಚೆಕ್, ಪಾಲಿಸಿ ಪತ್ರಗಳಿಗೆ ಐಪಿಡಿಎಸ್. ದಿನದ ವರದಿಗಳಿಗೆ ಎಲ್‌ಪಿಆರ್ ಸಾಕು. ಎಲ್‌ಪಿಆರ್‌ನಲ್ಲಿ ಕಳಿಸಿದ ಮೇಲೂ ಪ್ರಿಂಟ್ ಸ್ಪೂಲ್‌ನಲ್ಲಿ ಕೆಲವು ಗಂಟೆ ಉಳಿಯುವಂತೆ ಸೆಟ್ ಮಾಡಿ.

ಇನ್ನೊಂದು ಸಣ್ಣ ಬಲೆ ಇದೆ. ಎಲ್‌ಪಿಆರ್‌ನ ಹಳೆಯ ನಿಯಮದ ಪ್ರಕಾರ ಕಳಿಸುವವನು 721ರಿಂದ 731ರವರೆಗಿನ ಪೋರ್ಟ್‌ಗಳನ್ನೇ ಬಳಸಬೇಕು. ಅಂದರೆ ಬರೀ 11. ಸಣ್ಣ ಸಣ್ಣ ಜಾಬ್‌ಗಳು ಸಾಲುಗಟ್ಟಿದರೆ ಪೋರ್ಟ್‌ಗಳೇ ಮುಗಿದುಹೋಗುತ್ತವೆ. ಪ್ರಿಂಟರ್ ಒಪ್ಪಿದರೆ ಈ ನಿರ್ಬಂಧ ತೆಗೆದುಬಿಡಿ.

ಕೊನೆಗೆ ಬದಲಾವಣೆ. ಜೆಸ್-2ನಲ್ಲಿ (ಜಾಬ್, ಸ್ಪೂಲ್ ನೋಡಿಕೊಳ್ಳುವ ಮೇನ್‌ಫ್ರೇಮ್ ತಂತ್ರಾಂಶ) ಹಳೆಯ ಪ್ರಿಂಟರ್‌ನ ಹೆಸರನ್ನೇ ಹೊಸದಕ್ಕೆ ತಿರುಗಿಸಿದರೆ ಜೆಸಿಎಲ್ (ಜಾಬ್ ಓಡಿಸುವ ಆದೇಶಗಳು) ತಿದ್ದುವ ಕೆಲಸ ಉಳಿಯುತ್ತದೆ. ಪ್ರಿಂಟರ್‌ಗೆ ಬದಲಾಗದ ಐಪಿ ವಿಳಾಸ ಕೊಡಿ. ಹಳೆಯ ಕೇಬಲ್ ಕೀಳುವುದು ಒಂದು ತಿಂಗಳ ಕೊನೆ ದಾಟಿದ ಮೇಲೆ. ಮಾರ್ಚ್ 31 ಹತ್ತಿರದಲ್ಲಿದ್ದರೆ ಅದೂ ಮುಗಿಯಲಿ.