ಬ್ರಿಟನ್ನಿಗೆ ಬರುವ ಆಕ್ಯುಪೇಷನಲ್ ಥೆರಪಿಸ್ಟ್‌ಗಳಿಗೆ

ಮಣಿಪಾಲದಲ್ಲೋ ವೆಲ್ಲೂರಿನಲ್ಲೋ ಬಿಒಟಿ, ಅಂದರೆ ಆಕ್ಯುಪೇಷನಲ್ ಥೆರಪಿ ಪದವಿ, ಮುಗಿಸಿ ಬಂದಿದ್ದೀರಿ. ಕಾಯಿಲೆ, ಗಾಯದ ನಂತರ ಜನ ದಿನನಿತ್ಯದ ಕೆಲಸಗಳನ್ನು ಮತ್ತೆ ತಾವೇ ಮಾಡಿಕೊಳ್ಳುವಂತೆ ನೆರವಾಗುವುದು ನಮ್ಮ ವೃತ್ತಿ. ಆದರೂ ಎಚ್‌ಸಿಪಿಸಿ (ಇಲ್ಲಿ ನಮ್ಮಂಥ ಆರೋಗ್ಯ ವೃತ್ತಿಯವರನ್ನು ನೋಂದಾಯಿಸುವ ಸಂಸ್ಥೆ) ರಿಜಿಸ್ಟರಿನಲ್ಲಿ ನಿಮ್ಮ ಹೆಸರು ಬರುವವರೆಗೆ ಇಲ್ಲಿ ‘ಆಕ್ಯುಪೇಷನಲ್ ಥೆರಪಿಸ್ಟ್’ ಅಂತ ಹೇಳಿಕೊಳ್ಳಬೇಡಿ. ಆ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ನೋಂದಣಿ ಇಲ್ಲದೆ ಜನರನ್ನು ನಂಬಿಸಲು ಅದನ್ನು ಬಳಸುವುದು ಅಪರಾಧ. ‘ಭಾರತದಲ್ಲಿ ಬಿಒಟಿ ಮಾಡಿದ್ದೇನೆ, ನೋಂದಣಿಗೆ ಅರ್ಜಿ ಹಾಕಿದ್ದೇನೆ’ ಎಂದು ಸಿವಿಯಲ್ಲಿ ಬರೆಯಿರಿ. ಊರಿನಲ್ಲಿ ಹೆಸರಿನ ಹಿಂದೆ ಡಾ. ಹಾಕುತ್ತಿದ್ದರೆ ಅದನ್ನೂ ಬಿಡಿ.

‘ನಮ್ಮ ಕಾಲೇಜಿಗೆ ಡಬ್ಲ್ಯೂಎಫ್‌ಒಟಿ (ಆಕ್ಯುಪೇಷನಲ್ ಥೆರಪಿಸ್ಟ್‌ಗಳ ವಿಶ್ವ ಒಕ್ಕೂಟ) ಮಾನ್ಯತೆ ಇದೆ, ಸಾಕಲ್ವಾ?’ ಎಂದು ಬಹಳ ಜನ ಕೇಳುತ್ತಾರೆ. ಸಾಲದು. ಅದಕ್ಕೆ ಬೇಕಾದ 1000 ಗಂಟೆ ಕ್ಲಿನಿಕಲ್ ತರಬೇತಿ ನಿಮಗಾಗಿರುತ್ತದೆ, ನಿಜ. ಆದರೆ ಎಚ್‌ಸಿಪಿಸಿ ನಿಮ್ಮ ಓದು, ಅನುಭವವನ್ನು ತಾನೇ ತೂಗಿ ನೋಡುತ್ತದೆ. ಸಿಲಬಸ್, ಆಸ್ಪತ್ರೆ ತರಬೇತಿಯ ಪೋಸ್ಟಿಂಗ್ ವಿವರಗಳನ್ನು ವಿಮಾನ ಹತ್ತುವ ಮೊದಲೇ ಕಾಲೇಜಿನಿಂದ ತೆಗೆದುಕೊಳ್ಳಿ. ಇಂಗ್ಲಿಷ್ ಪರೀಕ್ಷೆ, ಶುಲ್ಕದ ವಿವರ ಅವರ ವೆಬ್‌ಸೈಟಿನಲ್ಲಿದೆ.

ಕಾಯುವಾಗ ಥೆರಪಿ ಅಸಿಸ್ಟೆಂಟ್ ಕೆಲಸ ಸಿಕ್ಕರೆ ಹಿಂಜರಿಯಬೇಡಿ. ಇಲ್ಲಿನ ಕೆಲಸದ ರೀತಿ ಅಲ್ಲೇ ತಿಳಿಯುವುದು. ಡಿಸ್ಚಾರ್ಜಿಗೆ ಮುಂಚೆ ಕಿಚನ್ ಅಸೆಸ್‌ಮೆಂಟ್ ಇರುತ್ತದೆ. ಸೊಂಟ ಮುರಿದು ಚೇತರಿಸಿಕೊಂಡ ಅಜ್ಜಿ ತಾವೇ ಕೆಟಲ್ ತುಂಬಿ, ಟೀ ಮಾಡಿ ತೋರಿಸಬೇಕು. ‘ನೀವು ಕೂತ್ಕೊಳ್ಳಿ, ನಾನು ಮಾಡ್ತೀನಿ’ ಅನ್ನುವುದೇ ನಮಗೆ ಕಲಿಸಿದ ಮರ್ಯಾದೆ. ಇಲ್ಲಿ ಕೈಕಟ್ಟಿ ಪಕ್ಕದಲ್ಲಿ ನಿಲ್ಲಬೇಕು. ನಾಳೆ ಅವರು ಮನೆಯಲ್ಲಿ ಒಬ್ಬರೇ. ಇವತ್ತು ನೀವು ಕೆಟಲ್ ಎತ್ತಿಕೊಟ್ಟರೆ ಅವರಿಗೆ ಎಷ್ಟು ಸಹಾಯ ಬೇಕು ಎಂಬುದೇ ಗೊತ್ತಾಗುವುದಿಲ್ಲ.

ಆಮೇಲೆ ಅವರ ಮನೆಗೆ ಹೋಗಿ ಬಚ್ಚಲಲ್ಲಿ ಹಿಡಿಕೆ ಎಲ್ಲಿ ಬೇಕೆಂದು ಅಳೆಯುತ್ತೇವೆ. ನನಗೆ ಪ್ರತಿ ಸಲವೂ ಸಂಕಟವಾಗುವುದು ಆಗ. ಊರಿನಲ್ಲಿ ನಮ್ಮ ಅಮ್ಮನೂ ಈಗ ಒಬ್ಬರೇ ಇದ್ದಾರೆ. ಅವರ ಬಚ್ಚಲು ನೆಲ ಜಾರುತ್ತದೆ ಅಂತ ಗೊತ್ತು. ಫೋನಿನಲ್ಲಿ ಹೇಳುವುದಷ್ಟೇ ನನ್ನ ಕೈಲಾಗುವುದು. ‘ಅಜ್ಜಿ ಯಾಕೆ ಇಲ್ಲಿಗೆ ಬಂದಿರಬಾರದು?’ ಎಂದು ಮಗಳು ಕೇಳುತ್ತಾಳೆ. ವೀಸಾದ ಕಷ್ಟ ಅವಳಿಗೆ ಹೇಗೆ ವಿವರಿಸಲಿ?

ಗಂಡನ ಜೊತೆ ಬಂದು, ಮಕ್ಕಳಾಗಿ, ವೃತ್ತಿ ಮುಗಿದೇ ಹೋಯಿತು ಅಂದುಕೊಂಡ ಹೆಣ್ಣುಮಕ್ಕಳು ಇಲ್ಲಿ ಜಾಸ್ತಿ. ದಯವಿಟ್ಟು ಹಾಗಂದುಕೊಳ್ಳಬೇಡಿ. ಕೆಲಸ ಬಿಟ್ಟು 2ರಿಂದ 5 ವರ್ಷವಾಗಿದ್ದರೆ 30 ದಿನ, ಅದಕ್ಕಿಂತ ಹೆಚ್ಚಾಗಿದ್ದರೆ 60 ದಿನ ಜ್ಞಾನ, ಕೌಶಲ್ಯ ಹೊಸದು ಮಾಡಿಕೊಳ್ಳಲು ಎಚ್‌ಸಿಪಿಸಿ ಹೇಳುತ್ತದೆ. ಅದರಲ್ಲಿ ಅರ್ಧದವರೆಗೆ ಮನೆಯಲ್ಲೇ ಓದಿಕೊಳ್ಳಬಹುದು. ಮಗು ಮಲಗಿದ ಮೇಲೆ ಶುರು ಮಾಡಿ, ಓದಿದ ದಿನಗಳನ್ನು ಬರೆದಿಟ್ಟುಕೊಳ್ಳಿ.