ನೆಟ್ ಇಲ್ಲದ ಊರಿನಲ್ಲಿ ಕಂಪ್ಯೂಟರ್: ಪೇಟೆಗೆ ಹೋದ ದಿನ ಮಾಡಿಕೊಳ್ಳಬೇಕಾದ ಸಿದ್ಧತೆ

ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಾನು ದಾವಣಗೆರೆಯ ಡಿಟಿಪಿ ಅಂಗಡಿಯೊಂದರಲ್ಲಿ ಲಗ್ನಪತ್ರಿಕೆಗಳನ್ನು ಟೈಪ್ ಮಾಡುತ್ತಿದ್ದ ಕಂಪ್ಯೂಟರ್‌ಗೆ ನೆಟ್ ಸಂಪರ್ಕವೇ ಇರಲಿಲ್ಲ. ತಂತ್ರಾಂಶ ಸಿಡಿಯಲ್ಲಿ ಬರುತ್ತಿತ್ತು, ಫೈಲು 1.44 ಎಂಬಿಯ ಫ್ಲಾಪಿಯಲ್ಲಿ ಪ್ರೆಸ್ಸಿಗೆ ಹೋಗುತ್ತಿತ್ತು. ಈಗ ಜಗಳೂರು ತಾಲ್ಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ ಸಿಗ್ನಲ್ ಇಲ್ಲದೆಯೂ ಅದೇ ಕೆಲಸ ನಡೆಯುತ್ತದೆ. ಆದರೆ ಇಂದಿನ ತಂತ್ರಾಂಶಗಳು ನೆಟ್ ಇದ್ದೇ ಇರುತ್ತದೆಂದು ಭಾವಿಸಿ ತಯಾರಾಗಿರುವುದರಿಂದ, ಪೇಟೆಗೆ ಹೋದ ದಿನವೇ ಬೇಕಾದುದನ್ನೆಲ್ಲ ತುಂಬಿಕೊಂಡು ಬರಬೇಕು.

ಮೊದಲು ಪೆನ್‌ಡ್ರೈವನ್ನು ನೋಡಿಕೊಳ್ಳಿ. ಹಲವು ಪೆನ್‌ಡ್ರೈವ್‌ಗಳು ಫ್ಯಾಟ್32 ವಿಧಾನದಲ್ಲಿ ಫಾರ್ಮ್ಯಾಟ್ ಆಗಿರುತ್ತವೆ, ಅವುಗಳಲ್ಲಿ ಎಷ್ಟೇ ಜಾಗವಿದ್ದರೂ 4 ಜಿಬಿಗಿಂತ ದೊಡ್ಡದಾದ ಒಂದು ಫೈಲು ಕೂರುವುದಿಲ್ಲ. ಇದನ್ನು ತಿಳಿಯದೆ ನಾನು ಒಮ್ಮೆ ಪೇಟೆಗೆ ಹೋದದ್ದೇ ವ್ಯರ್ಥವಾಯಿತು. ಒಳಗಿರುವುದನ್ನು ಬೇರೆಡೆ ಉಳಿಸಿಕೊಂಡು, ಮನೆಯಲ್ಲಿಯೇ ಈ ಮಿತಿಯಿಲ್ಲದ ಎಕ್ಸ್‌ಫ್ಯಾಟ್ ವಿಧಾನಕ್ಕೆ ಫಾರ್ಮ್ಯಾಟ್ ಮಾಡಿಕೊಳ್ಳಿ.

ತಂತ್ರಾಂಶಗಳನ್ನು ಇಳಿಸಿಕೊಳ್ಳುವಾಗ ‘ಆಫ್‌ಲೈನ್ ಇನ್‌ಸ್ಟಾಲರ್’ ಎಂದಿರುವುದನ್ನೇ ಆರಿಸಿ. ಕ್ರೋಮ್‌ನ ಸಾಮಾನ್ಯ ಸೆಟಪ್ ಫೈಲು ಚಿಕ್ಕದು. ಅದನ್ನು ತೆರೆದಾಗಲೇ ಉಳಿದ ಭಾಗವನ್ನು ನೆಟ್‌ನಿಂದ ತರಿಸಿಕೊಳ್ಳುವುದರಿಂದ ಊರಿನಲ್ಲಿ ಅದು ಉಪಯೋಗಕ್ಕೆ ಬಾರದು. ಬರವಣಿಗೆಗೆ ಲಿಬ್ರೆಆಫೀಸ್ ನನ್ನ ಆಯ್ಕೆ. ಮೈಕ್ರೋಸಾಫ್ಟ್ 365 ಚಂದಾದಾರರ ಆಫೀಸ್ ತಿಂಗಳಿಗೊಮ್ಮೆಯಾದರೂ ನೆಟ್ ಕಾಣದಿದ್ದರೆ ತಿದ್ದಲು ಬಿಡುವುದಿಲ್ಲ. ಲಿಬ್ರೆಆಫೀಸ್‌ಗೆ ಆ ಕಟ್ಟುಪಾಡು ಇಲ್ಲ.

ಕನ್ನಡ ಟೈಪಿಂಗ್‌ಗೆ ನೆಟ್ ಬೇಕೆಂದು ಅನೇಕರು ತಿಳಿದಿದ್ದಾರೆ, ಅದು ನಿಜವಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿ ವಾಸು ಅವರ ಬರಹ ಎರಡೂ ತಂತ್ರಾಂಶಗಳು ನೆಟ್ ಇಲ್ಲದೆ ನಡೆಯುತ್ತವೆ. ಆದರೆ ಬರೆಯುವುದನ್ನು ಎಲ್ಲ ಕಂಪ್ಯೂಟರ್‌ಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿಯೇ ಬರೆಯಿರಿ, ಏಕೆಂದರೆ ಹಳೆಯ ನುಡಿ ಫಾಂಟಿನ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಮುದ್ರಣಕ್ಕೆ ಕೊಡುವುದಾದರೆ ಪಿಡಿಎಫ್ ಮಾಡಿಯೇ ಒಯ್ಯಿರಿ.

ಓದುವ ಮಕ್ಕಳಿರುವ ಮನೆಗೆ ಕಿವಿಕ್ಸ್ ಎಂಬ ಉಚಿತ ತಂತ್ರಾಂಶ ದೊಡ್ಡ ಆಸ್ತಿ. ಕನ್ನಡ ವಿಕಿಪೀಡಿಯಾವನ್ನು ಕಿವಿಕ್ಸ್ ತೆರೆಯುವ ಒಂದೇ ಜಿಮ್ (ZIM) ಫೈಲಾಗಿ ತಂದಿಟ್ಟರೆ, ಚಿತ್ರದುರ್ಗದ ಕೋಟೆಯಿಂದ ದ್ಯುತಿಸಂಶ್ಲೇಷಣೆಯವರೆಗೆ ಅದರಲ್ಲಿರುವ ಯಾವ ಲೇಖನವನ್ನಾದರೂ ಹುಡುಕಿ ಓದಬಹುದು.

ನೆಟ್ ಇಲ್ಲದ ಕಂಪ್ಯೂಟರ್‌ಗೆ ವೈರಸ್ ಬರುವುದಿಲ್ಲವೆಂಬ ನಂಬಿಕೆ ಅಪಾಯಕರ. ಫ್ಲಾಪಿಯ ಕಾಲದಲ್ಲಿಯೂ ಅದು ಕೈಯಿಂದ ಕೈಗೆ ಹರಡುತ್ತಿತ್ತು. ವಿಂಡೋಸ್‌ನಲ್ಲಿಯೇ ಇರುವ ವೈರಸ್ ತಡೆಯುವ ತಂತ್ರಾಂಶವಾದ ಡಿಫೆಂಡರ್‌ಗೆ ಬೇಕಾದ ಹೊಸ ವೈರಸ್ ಮಾಹಿತಿಯನ್ನು ಮೈಕ್ರೋಸಾಫ್ಟ್ ಪ್ರತ್ಯೇಕ ಫೈಲಾಗಿಯೂ ಕೊಡುತ್ತದೆ. ಪ್ರತಿ ಸಲ ಅದನ್ನೂ ತನ್ನಿ, ಬೇರೆಯವರ ಪೆನ್‌ಡ್ರೈವನ್ನು ಸ್ಕ್ಯಾನ್ ಮಾಡದೆ ತೆರೆಯಬೇಡಿ.

ಕೊನೆಗೆ ಗಡಿಯಾರ. ನೆಟ್ ಇಲ್ಲದಿದ್ದರೆ ಸಮಯ ತಾನಾಗಿ ಸರಿಯಾಗುವುದಿಲ್ಲ. ಮದರ್‌ಬೋರ್ಡಿನ ಬ್ಯಾಟರಿ ಸತ್ತು ದಿನಾಂಕ ಹಿಂದಕ್ಕೆ ಹೋಗಿದ್ದರೆ, ಮುಂದೆ ಮೊಬೈಲ್‌ನಿಂದ ನೆಟ್ ಕೊಟ್ಟಾಗ ಜಾಲತಾಣಗಳು ಸುರಕ್ಷಿತವಲ್ಲವೆಂಬ ಎಚ್ಚರಿಕೆ ಬಂದು ತೆರೆಯುವುದೇ ಇಲ್ಲ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಅದು ಬಿಲ್ಲೆಯಾಕಾರದ ಸಿಆರ್ 2032 ಬ್ಯಾಟರಿ. ಪೇಟೆಯ ಪಟ್ಟಿಯಲ್ಲಿ ಅದನ್ನೂ ಬರೆದುಕೊಳ್ಳಿ.