ಕಾಲಾ ಖಟ್ಟಾ ಕಲೆ ಮೇಲೆ ಇಸ್ತ್ರಿ ಇಡ್ಬೇಡಿ

ಹೋದ ಜುಲೈಲಿ ಮುಂಬೈ ಹತ್ರದ ನಮ್ಮ ಡೊಂಬಿವಲಿ ಮನೇಲಿ ತಂಗಿ ಮಗ ಕಾಲಾ ಖಟ್ಟಾ ಅನ್ನೋ ಕಪ್ಪು ಬಣ್ಣದ ಹುಳಿ-ಸಿಹಿ ಶರಬತ್ತಿನ ಗ್ಲಾಸನ್ನ ಬಿಳಿ ಬೆಡ್‌ಶೀಟ್ ಮೇಲೇ ಮಗುಚಿದ, ನಾನು ಗಡಿಬಿಡೀಲಿ ಬಿಸಿನೀರಲ್ಲಿ ತಿಕ್ಕಿ ಹಿಂಡಿ, ಮಳೇಲಿ ಒಣಗಲ್ಲ ಅಂತ ಇಸ್ತ್ರಿ ಬೇರೆ ಹೊಡೆದೆ. ಆ ನೇರಳೆ ಕಲೆ ಇವತ್ತಿಗೂ ಅಲ್ಲೇ ಇದೆ.

ಅದಕ್ಕೇ ಮೊದಲೇ ಹೇಳಿಬಿಡ್ತೀನಿ, ಕಲೆ ಪೂರ್ತಿ ಹೋಗೋ ತನಕ ಬಿಸಿನೀರು, ಡ್ರೈಯರ್, ಇಸ್ತ್ರಿ ಯಾವುದೂ ಆ ಬಟ್ಟೆ ಹತ್ರ ಸುಳೀಬಾರ್ದು. ಮುಂಬೈ ಮಳೆಗಾಲದಲ್ಲಿ ನಾವೆಲ್ಲ ಅರ್ಧಂಬರ್ಧ ಒಣಗಿದ ಬಟ್ಟೇನ ಇಸ್ತ್ರಿ ಮಾಡೇ ಒಣಗಿಸೋದು, ಕಲೆ ಗಟ್ಟಿ ಕೂರೋದೂ ಅಲ್ಲೇ.

ಜಿಲೇಬಿ, ಕೇಸರಿಬಾತು, ಗೋಲಾ ಸಿರಪ್ಪು ಇವಕ್ಕೆ ಹಾಕೋ ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯಿಸಿನ್ ಥರದ ಬಣ್ಣಗಳು ನೀರಲ್ಲಿ ಕರಗುತ್ವೆ. ಅಂದ್ರೆ ಕಲೆ ಹಸಿಯಾಗಿದ್ದಾಗ್ಲೇ ಹಿಡಿದ್ರೆ ಅರ್ಧ ಕೆಲಸ ತಣ್ಣೀರೇ ಮಾಡುತ್ತೆ.

ಮೊದಲು ಬಿಳಿ ಹಳೇ ಪಂಚೆ ತುಂಡು ತಗೊಂಡು ಕಲೆ ಮೇಲೆ ಒತ್ತಿ, ಅಂಚಿಂದ ನಡುವಿಗೆ ಬನ್ನಿ, ಉಜ್ಬೇಡಿ, ಉಜ್ಜಿದ್ರೆ ಕಲೆ ಹರಡುತ್ತೆ. ಆಮೇಲೆ ಬಟ್ಟೆ ತಿರುಗಿಸಿ ಕಲೆಯ ಹಿಂಬದಿಯಿಂದ ನಲ್ಲಿ ನೀರು ಬಿಡಿ, ಬಣ್ಣ ಬಂದ ದಾರೀಲೇ ವಾಪಸ್ ಹೋಗ್ಲಿ. ಕಾಲಾ ಖಟ್ಟಾ ಆದ್ರೆ ಇಲ್ಲಿ ಒಂದು ವಿಷಯ ಕಣ್ಣಿಗೆ ಕಾಣುತ್ತೆ, ಒದ್ದೆ ಆದಾಗ ಕಲೆ ಸುತ್ತ ತೆಳ್ಳಗೆ ನೀಲಿ ಅಂಚು ಬೇರೆ, ಕೆಂಪು ಬೇರೆ ಆಗ್ತಾ ಹೋಗುತ್ತೆ, ಯಾಕಂದ್ರೆ ಆ ಕಪ್ಪು ಒಂದೇ ಬಣ್ಣ ಅಲ್ಲ, ಬೆರಕೆ. ಗಾಬರಿ ಬೇಡ, ಬಣ್ಣ ಬಿಡ್ತಿದೆ ಅಂತ ಅರ್ಥ.

ನೀರು ತಿಳಿಯಾದ್ಮೇಲೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಚಮಚ, ತಣ್ಣೀರು 2 ಲೋಟ ಬೆರೆಸಿ ಅರ್ಧ ಗಂಟೆ ನೆನೆಸಿ, ತೊಳೆದು ನೋಡಿ.

ಇನ್ನೂ ಇದ್ರೆ ಬಿಳಿ ಕಾಟನ್ನಿಗೆ ಹೈಡ್ರೋಜನ್ ಪೆರಾಕ್ಸೈಡ್. ಮೆಡಿಕಲ್ ಸ್ಟೋರಲ್ಲಿ ಸಿಗುತ್ತೆ, ಬಾಟಲಿ ಮೇಲೆ 6% ಅಂತಿದ್ರೆ ಅಷ್ಟೇ ನೀರು ಸೇರಿಸಿ 3% ಮಾಡ್ಕೊಳ್ಳಿ, ಕಲೆ ಮೇಲೆ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೀರಿ. ಬಣ್ಣದ ಬಟ್ಟೆ ಆದ್ರೆ ಒಳಗಿನ ಹೊಲಿಗೆ ಹತ್ರ ಒಂದು ಹನಿ ಹಾಕಿ ಪರೀಕ್ಷೆ ಮಾಡದೆ ಮುಂದುವರೀಬೇಡಿ. ಕ್ಲೋರಿನ್ ಬ್ಲೀಚ್ ಇಟ್ಕೊಂಡಿದ್ರೆ ಅದಕ್ಕೆ ವಿನೆಗರ್ ಮಾತ್ರ ಸೇರಿಸಲೇಬೇಡಿ, ವಿಷ ಗ್ಯಾಸ್ ಬರುತ್ತೆ, ನಮ್ಮ ಕಿಟಕಿ ಇಲ್ಲದ ಬಾತ್‌ರೂಮುಗಳಲ್ಲಂತೂ ತುಂಬಾ ಅಪಾಯ.

ವಿನೆಗರ್ ಬಗ್ಗೆ ಇನ್ನೊಂದು ಮಾತು. ಎಲ್ಲಾ ಕಲೆಗೂ ವಿನೆಗರ್ ಅಂತ ಹೇಳೋರಿದಾರೆ, ರೇಷ್ಮೆ ಕುಶನ್ ಕವರ್ ಅಥವಾ ಉಣ್ಣೆ ಶಾಲಿಗೆ ಆ ಮಾತು ಕೇಳ್ಬೇಡಿ. ಉಣ್ಣೆ ನೂಲಿಗೆ ಮನೇಲೇ ಬಣ್ಣ ಹಾಕೋರು ಫುಡ್ ಕಲರ್, ವಿನೆಗರ್, ಬಿಸಿ ಈ ಮೂರನ್ನೇ ಬಳಸೋದು, ಹುಳಿ ಬಿದ್ರೆ ಬಣ್ಣ ಆ ಎಳೆಗೆ ಅಂಟ್ಕೊಳ್ಳುತ್ತೆ. ರೇಷ್ಮೆಗೆ ತಣ್ಣೀರು, ಒತ್ತೋದು, ಆಮೇಲೆ ಸೀದಾ ಡ್ರೈಕ್ಲೀನಿಂಗು, ಏನು ಚೆಲ್ಲಿತ್ತು ಅಂತ ಅವ್ರಿಗೆ ಹೇಳಿ ಕೊಡಿ.

ಊರಲ್ಲಿ ನಾವು ಬಾಂಬೆ ಮಿಠಾಯಿ ಅಂತೀವಲ್ಲ, ಆ ಗುಲಾಬಿ ಬಣ್ಣ ಏನ್ಮಾಡಿದ್ರೂ ಹೋಗ್ತಿಲ್ಲ ಅಂದ್ರೆ ಅದು ತಿನ್ನೋ ಬಣ್ಣವೇ ಆಗಿರದೆ ಇರಬಹುದು. 2024ರ ಮಾರ್ಚಲ್ಲಿ ಕರ್ನಾಟಕ ಸರ್ಕಾರ ಕೃತಕ ಬಣ್ಣ ಹಾಕಿದ ಬಾಂಬೆ ಮಿಠಾಯಿಗೆ ನಿಷೇಧ ಹಾಕಿದ್ದು ಅದರಲ್ಲಿ ರೋಡಮೈನ್-ಬಿ ಸಿಕ್ಕಿದ್ದಕ್ಕೆ, ಅದು ಬಟ್ಟೆಗೆ ಹಾಕೋ ಬಣ್ಣ. ಅಂಥದ್ದನ್ನ ಮಕ್ಕಳಿಗೆ ಇನ್ನೊಂದ್ಸಲ ಕೊಡಿಸ್ಬೇಡಿ.

ಅರಿಶಿನದ ಕಲೆಗೆ ದಾರಿ ಬೇರೆ. ಸೋಪು ತಾಗಿದ ತಕ್ಷಣ ಕುಂಕುಮದಂಗೆ ಕೆಂಪಾಗುತ್ತೆ, ಸೋಪಿನ ಕ್ಷಾರದಿಂದ ಹಾಗೆ, ಚೆನ್ನಾಗಿ ಜಾಲಿಸಿದ್ರೆ ಮತ್ತೆ ಹಳದಿ. ಆ ಹಳದಿ ಬೆಳಕಿಗೆ ನಿಲ್ಲಲ್ಲ, ಒದ್ದೆ ಇರುವಾಗ್ಲೇ ಬಿಸಿಲಿಗೆ ಹಾಕಿ. ಜುಲೈಲಿ ಬಿಸಿಲು ಎಲ್ಲಿಂದ ತರೋದು ಅಂದ್ರೆ, ಕಿಟಕಿ ಗ್ರಿಲ್ಲಿಗೆ ಹಾಕಿ, ಮೋಡದ ಬೆಳಕಲ್ಲೂ ಮಾಸುತ್ತೆ, ಎರಡು ದಿನ ಜಾಸ್ತಿ ಹಿಡಿಯುತ್ತೆ ಅಷ್ಟೇ.